ವಿಂಟೇಜ್ ಬ್ಲಾಂ ದ ಬ್ಲಾಂ ಶಾಂಪೇನ್: ಆರಿಸುವುದರಿಂದ ಗ್ಲಾಸಿಗೆ ಸುರಿಯುವವರೆಗೆ

ಓದುಗರಿಂದ ಹೆಚ್ಚುಕಡಿಮೆ ಒಂದೇ ಥರದ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪ್ಯಾರಿಸ್‌ನಿಂದಲೋ ಲಂಡನ್‌ನಿಂದಲೋ ಬಂದವರು ಒಂದು ಶಾಂಪೇನ್ ಬಾಟಲಿ ಕೊಟ್ಟಿದ್ದಾರೆ. ಮೇಲೆ 'ಬ್ಲಾಂ ದ ಬ್ಲಾಂ' ಅಂತ ಬರೆದಿದೆ, ಒಂದು ಇಸವಿಯೂ ಇದೆ. ಈಗಲೇ ತೆಗೆಯಬೇಕಾ, ಇಟ್ಟುಕೊಳ್ಳಬೇಕಾ? ಇಡುವುದಾದರೆ ಎಲ್ಲಿ? ಇನ್ನು ಕೆಲವರು ಮದುವೆಯ ವಾರ್ಷಿಕೋತ್ಸವಕ್ಕೆ ಅಂತ ಒಂದು ಒಳ್ಳೆಯ ಬಾಟಲಿ ಕೊಳ್ಳಲು ಹೋಗಿ, ಲೇಬಲ್ ಅರ್ಥವಾಗದೆ ವಾಪಸ್ ಬಂದಿದ್ದಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ವೈನಿನ ಸೊಗಸು ಕೆಡುವುದು ಬಹುಪಾಲು ನಮ್ಮ ಅವಸರದಿಂದ. ತೀರಾ ಬೇಗ ತೆಗೆಯುತ್ತೇವೆ, ಐಸಿನಷ್ಟು ತಣ್ಣಗೆ ಮಾಡುತ್ತೇವೆ, ಸುರಿದ ಕೂಡಲೇ ಕುಡಿದು ಮುಗಿಸುತ್ತೇವೆ. ಮಾಡಿದವರು ವರ್ಷಗಟ್ಟಲೆ ಕಾದಿರುವ ವೈನ್ ಇದು. ನಾವು ಒಂದು ಸಂಜೆಯಾದರೂ ನಿಧಾನವಾಗಿರಬೇಕು.

ಇದು ಯಾವ ವೈನ್?

ಫ್ರಾನ್ಸಿನ ಈಶಾನ್ಯ ಭಾಗದ ಶಾಂಪೇನ್ ಪ್ರದೇಶದಲ್ಲಿ, ಅಲ್ಲಿನ ಕಾನೂನಿನ ಪ್ರಕಾರ ಮಾಡಿದ ಗುಳ್ಳೆಯ ವೈನಿಗೆ ಮಾತ್ರ ಶಾಂಪೇನ್ ಎಂಬ ಹೆಸರು. ರೀಮ್ಸ್ ಮತ್ತು ಎಪರ್ನೇ ಅಲ್ಲಿನ ಎರಡು ಮುಖ್ಯ ಊರುಗಳು. ಅಲ್ಲಿ ಹೆಚ್ಚಾಗಿ ಬೆಳೆಯುವುದು ಮೂರು ದ್ರಾಕ್ಷಿ: ಪಿನೋ ನ್ವಾರ್, ಮ್ಯೂನಿಯೇ ಮತ್ತು ಶಾರ್ಡನೇ. ಮೊದಲೆರಡು ಕಪ್ಪು ದ್ರಾಕ್ಷಿ, ಶಾರ್ಡನೇ ಬಿಳಿ. ಸಾಮಾನ್ಯ ಶಾಂಪೇನ್‌ನಲ್ಲಿ ಕಪ್ಪು, ಬಿಳಿ ಎರಡೂ ಬೆರೆತಿರುತ್ತವೆ. ಬಿಳಿ ದ್ರಾಕ್ಷಿಯಿಂದ ಮಾತ್ರ ಮಾಡಿದರೆ ಅದು ಬ್ಲಾಂ ದ ಬ್ಲಾಂ. ಅಲ್ಲಿ ಪಿನೋ ಬ್ಲಾಂ, ಪೆತೀ ಮೆಲಿಯೇಯಂಥ ಬೇರೆ ಬಿಳಿ ದ್ರಾಕ್ಷಿಗಳೂ ಸ್ವಲ್ಪ ಇವೆ. ಆದರೂ ನಿಮ್ಮ ಕೈಗೆ ಬರುವ ಬಾಟಲಿ ಬಹುತೇಕ ಪೂರ್ತಿ ಶಾರ್ಡನೇಯದ್ದೇ ಆಗಿರುತ್ತದೆ.

ವಿಂಟೇಜ್ ಅಂದರೆ ಒಂದೇ ವರ್ಷದ ಫಸಲು. ಫ್ರೆಂಚಿನಲ್ಲಿ ಇದಕ್ಕೆ ಮಿಲೆಸಿಮ್ ಅನ್ನುತ್ತಾರೆ. ಶಾಂಪೇನ್ ಚಳಿ ಸೀಮೆ. ಅಲ್ಲಿ ದ್ರಾಕ್ಷಿ ಪ್ರತಿವರ್ಷ ಒಂದೇ ರೀತಿ ಮಾಗುವುದಿಲ್ಲ. ಹಾಗಾಗಿ ಹಳೆಯ ವರ್ಷಗಳ ವೈನ್ ಬೆರೆಸಿ ರುಚಿಯನ್ನು ಒಂದು ಹದಕ್ಕೆ ತರುತ್ತಾರೆ. ಅಂಥ ಬಾಟಲಿಯ ಮೇಲೆ ಇಸವಿ ಇರುವುದಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷ ಮಾತ್ರ ಬೇರೆ ಏನೂ ಬೆರೆಸದೆ ವಿಂಟೇಜ್ ಮಾಡುತ್ತಾರೆ.

ಗುಳ್ಳೆ ಹುಟ್ಟುವುದು ಬಾಟಲಿಯೊಳಗೇ. ಮೊದಲು ರಸವನ್ನು ಹುದುಗಿಸಿ ಸಾದಾ ವೈನ್ ಮಾಡುತ್ತಾರೆ. ಅದನ್ನು ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಹಾಕಿ ಮುಚ್ಚುತ್ತಾರೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಎಂಬ ಗಾಳಿ ಬಿಡುತ್ತದೆ, ಆ ಗಾಳಿ ಹೊರಹೋಗಲಾರದೆ ವೈನಿನಲ್ಲೇ ಕರಗುತ್ತದೆ. ಆಮೇಲೆ ಸತ್ತ ಯೀಸ್ಟ್ ಗಸಿಯಾಗಿ ತಳದಲ್ಲಿ ಕೂರುತ್ತದೆ. ಈ ಗಸಿಯ ಜೊತೆ ವೈನ್ ಎಷ್ಟು ವರ್ಷ ಇರುತ್ತದೋ ಅಷ್ಟು ರುಚಿ ಕೂಡುತ್ತದೆ. ಇಸವಿ ಇಲ್ಲದ ಶಾಂಪೇನ್ ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇರಬೇಕು, ವಿಂಟೇಜ್ ಆದರೆ ಕನಿಷ್ಠ 3 ವರ್ಷ. ಇದು ಕಾನೂನು. ದೊಡ್ಡ ಹೆಸರಿನವರು ಎಂಟು, ಹತ್ತು ವರ್ಷವೂ ಇಡುತ್ತಾರೆ. ಬೆಲೆ ಜಾಸ್ತಿಯಾಗಲು ಇದೂ ಒಂದು ಮುಖ್ಯ ಕಾರಣ.

ಏನೇನು ಬೇಕು?

ಬಾಟಲಿ ಬಿಟ್ಟರೆ ದುಬಾರಿ ಸಾಮಾನು ಏನೂ ಬೇಡ. ಬಾಟಲಿ ಮುಳುಗುವಷ್ಟು ಆಳದ ಒಂದು ಬಕೆಟ್, ಐಸ್, ಒಂದು ಒಣ ಬಟ್ಟೆ, ಸಾದಾ ವೈಟ್ ವೈನ್ ಗ್ಲಾಸುಗಳು. ಮಿಕ್ಕಿದ್ದನ್ನು ಮುಚ್ಚಿಡಲು ಶಾಂಪೇನ್‌ಗೆಂದೇ ಬರುವ ಕ್ಲಿಪ್ ಇರುವ ಮುಚ್ಚಳ. ಇದನ್ನು ಮೊದಲೇ ತಂದಿಟ್ಟುಕೊಳ್ಳಿ, ರಾತ್ರಿ ಹತ್ತಕ್ಕೆ ಎಲ್ಲೂ ಸಿಗುವುದಿಲ್ಲ.

ಹಂತ 1: ಲೇಬಲ್ ಓದಿ

ಮೊದಲು ಶಾಂಪೇನ್ ಎಂಬ ಪದ ಹುಡುಕಿ. ಬ್ಲಾಂ ದ ಬ್ಲಾಂ ಎಂಬ ಮಾತನ್ನು ಯಾವ ಊರಿನ ಗುಳ್ಳೆ ವೈನಿನ ಮೇಲಾದರೂ ಬರೆಯಬಹುದು. ಫ್ರಾನ್ಸಿನದ್ದೇ ಕ್ರೆಮಾಂ ಎಂಬ ವೈನುಗಳಲ್ಲೂ ಬ್ಲಾಂ ದ ಬ್ಲಾಂ ಇದೆ. ಅವು ಕೆಟ್ಟವಲ್ಲ, ಆದರೆ ಶಾಂಪೇನ್ ಅಲ್ಲ.

ಆಮೇಲೆ ಇಸವಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಲೇಬಲ್ ಮೇಲಿನ ಎಲ್ಲ ಇಸವಿಯೂ ವಿಂಟೇಜ್ ಅಲ್ಲ. ರೂಯಿನಾರ್ ಎಂಬ ಶಾಂಪೇನ್ ಕಂಪನಿ ಶುರುವಾದದ್ದು 1729ರಲ್ಲಿ, ಅಂಥ ಹಳೆಯ ಮನೆತನಗಳು ಸ್ಥಾಪನೆಯ ವರ್ಷವನ್ನೂ ಹೆಮ್ಮೆಯಿಂದ ಅಚ್ಚು ಹಾಕುತ್ತವೆ. ವಿಂಟೇಜ್ ಇಸವಿ ಸಾಮಾನ್ಯವಾಗಿ ದೊಡ್ಡದಾಗಿ, ವೈನಿನ ಹೆಸರಿನ ಹತ್ತಿರವೇ ಇರುತ್ತದೆ.

ಮೂರನೆಯದು ಸಿಹಿಯ ಅಳತೆ. ಗಸಿ ತೆಗೆದ ಮೇಲೆ ಬಾಟಲಿಗೆ ಸ್ವಲ್ಪ ಸಕ್ಕರೆ ಬೆರೆಸಿದ ವೈನ್ ಸೇರಿಸುತ್ತಾರೆ, ಅದಕ್ಕೆ ದೊಸಾಜ್ ಅಂತ ಹೆಸರು. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಎಕ್ಸ್‌ಟ್ರಾ ಬ್ರೂಟ್ ಅಂದರೆ 6 ಗ್ರಾಂ ಒಳಗೆ. ಬ್ರೂಟ್ ನೇಚರ್ ಅಂದರೆ ಸಕ್ಕರೆ ಸೇರಿಸಿಯೇ ಇಲ್ಲ, ಇದ್ದರೂ 3 ಗ್ರಾಂಗಿಂತ ಕಡಿಮೆ. 'ಎಕ್ಸ್‌ಟ್ರಾ ಡ್ರೈ' ಎಂಬ ಹೆಸರು ನೋಡಿ ಮೋಸ ಹೋಗಬೇಡಿ. ಅದರಲ್ಲಿ 12ರಿಂದ 17 ಗ್ರಾಂ ಇರುತ್ತದೆ, ಬ್ರೂಟ್‌ಗಿಂತ ಸಿಹಿ. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಬ್ರೂಟ್. ಶಾರ್ಡನೇಯಲ್ಲಿ ಹುಳಿ ಜಾಸ್ತಿ, ಆ ಹುಳಿಯನ್ನು ಸ್ವಲ್ಪ ಸಕ್ಕರೆ ಹದ ಮಾಡುತ್ತದೆ.

ಕೊನೆಗೆ ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡಕ್ಷರದ ಸಂಕೇತ ಇರುತ್ತದೆ. ಎನ್‌ಎಂ ಅಂದರೆ ದ್ರಾಕ್ಷಿಯನ್ನು ಬೆಳೆಗಾರರಿಂದ ಕೊಂಡು ಮಾಡುವ ಕಂಪನಿ. ಆರ್‌ಎಂ ಅಂದರೆ ತನ್ನ ತೋಟದ ದ್ರಾಕ್ಷಿಯಿಂದ ತಾನೇ ಮಾಡುವ ರೈತ. ಸಿಎಂ ಅಂದರೆ ಸಹಕಾರ ಸಂಘ. ಇದರಲ್ಲಿ ಮೇಲು ಕೀಳು ಇಲ್ಲ. ಆದರೆ ಕಡಿಮೆ ಬೆಲೆಗೆ ಒಳ್ಳೆಯ ವಿಂಟೇಜ್ ಬ್ಲಾಂ ದ ಬ್ಲಾಂ ಹುಡುಕುವವರು ಆರ್‌ಎಂ ಬಾಟಲಿಗಳನ್ನು ಮೊದಲು ನೋಡಿ. ದೊಡ್ಡ ಜಾಹೀರಾತಿನ ಖರ್ಚು ಅದರಲ್ಲಿ ಸೇರಿರುವುದಿಲ್ಲ.

'ಪ್ರೆಸ್ಟೀಜ್', 'ರಿಸರ್ವ್' ಇಂಥ ಮಾತುಗಳಿಗೆ ಅಲ್ಲಿ ಕಾನೂನಿನ ಅರ್ಥವಿಲ್ಲ. ಸುಮ್ನೆ ಅದಕ್ಕೆ ಮಾರುಹೋಗಬೇಡಿ.

ಹಂತ 2: ಊರು ನೋಡಿ

ಎಪರ್ನೇಯ ದಕ್ಷಿಣಕ್ಕೆ ಕೋತ್ ದೆ ಬ್ಲಾಂ ಎಂಬ ಇಳಿಜಾರು ಇದೆ. ಶಾಂಪೇನ್‌ನ ಶ್ರೇಷ್ಠ ಶಾರ್ಡನೇ ಬೆಳೆಯುವುದು ಇಲ್ಲೇ. ಮೇಲೆ ತೆಳುವಾದ ಮಣ್ಣು, ಕೆಳಗೆ ಆಳದವರೆಗೆ ಸೀಮೆಸುಣ್ಣದ ಬಂಡೆ. ಈ ಬಂಡೆ ಮಳೆ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ, ಹೆಚ್ಚಿನ ನೀರನ್ನು ಕೆಳಗೆ ಬಿಟ್ಟುಬಿಡುತ್ತದೆ. ಅಲ್ಲಿನ ಆರು ಹಳ್ಳಿಗಳಿಗೆ ಗ್ರಾಂ ಕ್ರೂ ಎಂಬ ಅತಿ ಮೇಲಿನ ದರ್ಜೆ ಇದೆ: ಶೂಯಿ, ವಾರಿ, ಕ್ರಮಾಂ, ಅವೀಝ್, ಓಜೆ ಮತ್ತು ಲ ಮೆನಿಲ್. ಇಡೀ ಶಾಂಪೇನ್‌ನಲ್ಲಿ ಈ ದರ್ಜೆ ಇರುವುದು ಕೇವಲ 17 ಹಳ್ಳಿಗಳಿಗೆ. ಬಾಟಲಿಯ ಮೇಲೆ ಗ್ರಾಂ ಕ್ರೂ ಅಂತ ಇದ್ದರೆ ದ್ರಾಕ್ಷಿಯೆಲ್ಲ ಇಂಥ ಹಳ್ಳಿಗಳದ್ದೇ ಎಂದು ಅರ್ಥ.

ಹಳ್ಳಿಯಿಂದ ಹಳ್ಳಿಗೆ ರುಚಿ ಬದಲಾಗುತ್ತದೆ. ಕ್ರಮಾಂನದ್ದು ಮೃದು, ಬೇಗ ಒಲಿಯುತ್ತದೆ. ಲ ಮೆನಿಲ್‌ನದ್ದು ಬಿಗಿ. ಎಳೆಯದಿದ್ದಾಗ ನಿಂಬೆಹಣ್ಣಿನ ಹುಳಿ ಮತ್ತು ಸುಣ್ಣದ ಒಣಗು ಬಿಟ್ಟರೆ ಹೆಚ್ಚೇನೂ ತೋರಿಸುವುದಿಲ್ಲ. ವರ್ಷಗಳಾದ ಮೇಲೆ ಅದೇ ವೈನ್ ಎಲ್ಲಕ್ಕಿಂತ ಎತ್ತರ ಏರುತ್ತದೆ. ಸಲೋನ್ ಎಂಬ ಮನೆತನ ಈ ಒಂದೇ ಹಳ್ಳಿಯ ಶಾರ್ಡನೇಯಿಂದ, ಒಳ್ಳೆಯ ವರ್ಷಗಳಲ್ಲಿ ಮಾತ್ರ, ಒಂದೇ ವೈನ್ ಮಾಡುತ್ತದೆ. ಅದರ ಮೊದಲ ವಿಂಟೇಜ್ 1905ರದ್ದು. ಅದೇ ಊರಿನಲ್ಲಿ ಗೋಡೆ ಕಟ್ಟಿದ ಒಂದು ಪುಟ್ಟ ತೋಟವಿದೆ, ಬರೀ 1.84 ಹೆಕ್ಟೇರ್. ಕ್ರುಗ್ ಕಂಪನಿಯ ಕ್ಲೋ ದ್ಯು ಮೆನಿಲ್ ಆ ತೋಟದ್ದು, ಮೊದಲ ವಿಂಟೇಜ್ 1979. ಇವೆರಡೂ ಹೆಚ್ಚಿನವರ ಕೈಗೆ ಎಟುಕುವ ಬೆಲೆಯವಲ್ಲ. ಸ್ವಲ್ಪ ಕೆಳಗಿಳಿದರೆ 1952ರಲ್ಲಿ ಶುರುವಾದ ತೈತಾಂಜೆ ಕಂಪನಿಯ ಕೋಂತ್ ದ ಶಾಂಪೇನ್, 1959ರಲ್ಲಿ ಶುರುವಾದ ದೋಂ ರೂಯಿನಾರ್ ಇವೆ. ಇವೂ ದುಬಾರಿಯೇ, ಆದರೆ ಜೀವನದಲ್ಲಿ ಒಂದು ಸಲ ಕೊಳ್ಳಬಹುದಾದ ದುಬಾರಿ. ಅದೂ ಬೇಡ ಅಂದರೆ ಅವೀಝ್, ಕ್ರಮಾಂ, ಓಜೆಯ ರೈತರ ವಿಂಟೇಜ್ ಬಾಟಲಿ ಹುಡುಕಿ. ಕೊಟ್ಟ ಹಣಕ್ಕೆ ಅತಿ ಹೆಚ್ಚು ಸಂತೋಷ ಸಿಗುವುದು ಇಲ್ಲೇ ಎಂಬುದು ನನ್ನ ನಂಬಿಕೆ.

ಹಂತ 3: ವರ್ಷ ನೋಡಿ

ಎಲ್ಲ ವರ್ಷಗಳನ್ನೂ ಬಾಯಿಪಾಠ ಮಾಡಬೇಕಿಲ್ಲ. 2002, 2008, 2012 ಮೂರೂ ಬಹಳ ಹೊಗಳಿಕೆ ಪಡೆದ ವರ್ಷಗಳು. 2008 ತಂಪಾದ ವರ್ಷ. ಹುಳಿ ಜೋರು, ಬೆಳವಣಿಗೆ ನಿಧಾನ, ಇನ್ನೂ ಇಟ್ಟುಕೊಳ್ಳಬಹುದು. 2013ರಲ್ಲಿ ಕೊಯ್ಲು ತಡವಾಗಿ ಅಕ್ಟೋಬರ್‌ವರೆಗೂ ನಡೆಯಿತು, ಶಾರ್ಡನೇ ಚೆನ್ನಾಗಿ ಬಂತು. 2014 ಮತ್ತು 2017 ಬೇರೆ ರೀತಿ. ಆ ಎರಡೂ ವರ್ಷ ಕಪ್ಪು ದ್ರಾಕ್ಷಿಗೆ ಕಷ್ಟವಾಯಿತು, ಬಿಳಿ ದ್ರಾಕ್ಷಿ ಅದಕ್ಕಿಂತ ವಾಸಿ. ಹಾಗಾಗಿ ಶಾಂಪೇನ್‌ನ ಸಾಮಾನ್ಯ ಪಟ್ಟಿ ನೋಡಿ "ಆ ವರ್ಷ ಚೆನ್ನಾಗಿಲ್ಲ" ಅಂತ ಬ್ಲಾಂ ದ ಬ್ಲಾಂ ಬಿಟ್ಟುಬಿಡಬೇಡಿ. 2003ರಲ್ಲಿ ವಸಂತದ ಹಿಮ ಶಾರ್ಡನೇಯನ್ನು ಸುಟ್ಟಿತು, ಆಮೇಲೆ ವಿಪರೀತ ಬಿಸಿಲು. ಆ ವರ್ಷದ ಬಾಟಲಿ ಕಂಡರೆ ಯೋಚಿಸಿ ಕೊಳ್ಳಿ.

ಹಂತ 4: ಈಗಲೇ ತೆಗೆಯಬೇಕಾ, ಇಡಬೇಕಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಇಸವಿಯಿಂದ ಲೆಕ್ಕ ಹಾಕಿ. ಐದಾರು ವರ್ಷದೊಳಗಿನ ಬಾಟಲಿಯಾದರೆ ನಿಂಬೆ, ಹಸಿರು ಸೇಬು, ಬಿಳಿ ಹೂವಿನ ಪರಿಮಳ ಇರುತ್ತದೆ, ಹುಳಿ ಮುಂದೆ ನಿಂತಿರುತ್ತದೆ. ಎಂಟು ಹತ್ತು ವರ್ಷದ ನಂತರ ಬೆಣ್ಣೆ, ಬೇಕರಿಯ ಬಿಸಿ ಬನ್ನು, ಹುರಿದ ಬಾದಾಮಿಯ ವಾಸನೆ ಬರತೊಡಗುತ್ತದೆ. ಇನ್ನೂ ಹಳೆಯದಾದರೆ ಜೇನು, ಕಾಫಿ, ಅಣಬೆಯ ಕಡೆ ಹೊರಳುತ್ತದೆ, ಗುಳ್ಳೆ ಸಣ್ಣದಾಗಿ ಮೆತ್ತಗಾಗುತ್ತದೆ. ಒಳ್ಳೆಯ ಗ್ರಾಂ ಕ್ರೂ ಬಾಟಲಿಯನ್ನು ಹತ್ತು ವರ್ಷದ ಮೇಲೆ ತೆಗೆಯಿರಿ ಎಂದೇ ನಾನು ಹೇಳುವುದು. ಆ ಬೆಣ್ಣೆ ಬನ್ನಿನ ಪರಿಮಳ ಕಾಯದೆ ಸಿಗುವುದಿಲ್ಲ.

ಹಿಂದಿನ ಲೇಬಲ್ಲಿನಲ್ಲಿ ಇನ್ನೊಂದು ತಾರೀಖು ಇದ್ದರೆ ಅದನ್ನೂ ನೋಡಿ. ಅದು ದೆಗೋರ್ಜ್‌ಮಾಂ, ಅಂದರೆ ಗಸಿ ತೆಗೆದು ಕಾರ್ಕ್ ಹಾಕಿದ ದಿನ. ಗಸಿ ಇರುವವರೆಗೆ ವೈನ್ ನಿಧಾನವಾಗಿ ಹಣ್ಣಾಗುತ್ತದೆ, ತೆಗೆದ ಮೇಲೆ ಬೇಗ. ಗಸಿ ತೆಗೆದು ಒಂದೆರಡು ತಿಂಗಳಷ್ಟೇ ಆಗಿದ್ದರೆ ಇನ್ನೂ ಆರು ತಿಂಗಳು ಬಿಡಿ, ವೈನ್ ಸುಧಾರಿಸಿಕೊಳ್ಳಲಿ.

ಆದರೆ ಇಡಲು ಸರಿಯಾದ ಜಾಗ ಇಲ್ಲದಿದ್ದರೆ ಮೇಲಿನ ಲೆಕ್ಕ ಮರೆತುಬಿಡಿ.

ಹಂತ 5: ಸರಿಯಾಗಿ ಇಡಿ

ಶಾಂಪೇನ್‌ಗೆ ಬೇಕಾದದ್ದು 10ರಿಂದ 12 ಡಿಗ್ರಿ ತಂಪು, ಕತ್ತಲೆ, ಅಲುಗಾಡದ ಜಾಗ. ರೀಮ್ಸ್‌ನ ಕಂಪನಿಗಳಿಗೆ ಊರಿನ ಕೆಳಗೆ ಸೀಮೆಸುಣ್ಣದ ಹಳೆಯ ಗಣಿಗಳಿವೆ, ವರ್ಷವಿಡೀ ಅಲ್ಲಿ ಒಂದೇ ತಂಪು. 2015ರಲ್ಲಿ ಯುನೆಸ್ಕೊ ಈ ನೆಲಮಾಳಿಗೆಗಳನ್ನು ಅಲ್ಲಿನ ಗುಡ್ಡಗಳ ಜೊತೆಗೆ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಮಗೆ ಅಂಥ ನೆಲಮಾಳಿಗೆ ಎಲ್ಲಿ ಬರಬೇಕು? ಬೆಂಗಳೂರಿನ ಮನೆಯೊಳಗೂ ಬೇಸಿಗೆಯಲ್ಲಿ 30 ಡಿಗ್ರಿ ಮುಟ್ಟುತ್ತದೆ. ಕಲಬುರಗಿ, ರಾಯಚೂರಿನ ಮಾತು ಹೇಳುವುದೇ ಬೇಡ. ಶೋಕೇಸಿನಲ್ಲಿ ಒಂದು ಬೇಸಿಗೆ ಕಳೆದ ಬಾಟಲಿ ಬೇಗ ಮುಪ್ಪಾಗುತ್ತದೆ.

ವೈನ್‌ಗೆಂದೇ ಮಾಡಿದ ಸಣ್ಣ ಫ್ರಿಜ್ ಇದ್ದರೆ 12ಕ್ಕೆ ಇಟ್ಟು ನೆಮ್ಮದಿಯಾಗಿ ಕಾಯಿರಿ. ಅದು ಇಲ್ಲವೆಂದರೆ ಅಡುಗೆಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಕೆಲವು ವಾರ ಇಡಬಹುದು. ಅದಕ್ಕಿಂತ ಜಾಸ್ತಿ ಬೇಡ, ಒಳಗಿನ ಒಣ ಗಾಳಿಗೆ ಬಿರಡೆ ಸೊರಗುತ್ತದೆ. ಎರಡೂ ಆಗದಿದ್ದರೆ ಈಗಾಗಲೇ ಹದಕ್ಕೆ ಬಂದ ವರ್ಷದ ಬಾಟಲಿಯನ್ನೇ ಕೊಂಡು ಬೇಗ ತೆಗೆಯಿರಿ.

ಬೆಳಕಿನ ಬಗ್ಗೆ ಇನ್ನೂ ಎಚ್ಚರ ಬೇಕು. ಟ್ಯೂಬ್‌ಲೈಟ್ ಬೆಳಕೂ ಶಾಂಪೇನನ್ನು ಕೆಡಿಸುತ್ತದೆ, ಬೆಂದ ಎಲೆಕೋಸಿನ ವಾಸನೆ ಬರುತ್ತದೆ. ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಇದು ಬಹಳ ಬೇಗ ಆಗುತ್ತದೆ. ಡಬ್ಬದ ಸಮೇತ ಬಂದಿದ್ದರೆ ಡಬ್ಬ ಬಿಸಾಡಬೇಡಿ. ಅಂಗಡಿಯಲ್ಲೂ ಕಿಟಕಿಯ ಬಳಿ ಜೋಡಿಸಿಟ್ಟ ಬಾಟಲಿ ತೆಗೆದುಕೊಳ್ಳಬೇಡಿ, ಒಳಗಿನಿಂದ ಬೇರೆ ತರಲು ಹೇಳಿ.

ಹೊರದೇಶದಿಂದ ತರುವವರಿಗೆ ಒಂದು ಮಾತು. ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. 750 ಮಿಲಿಯ ಬಾಟಲಿಯಾದರೆ ಎರಡು ಸರಿಹೋಗುತ್ತದೆ, ಮೂರನೆಯದು ಮಿತಿ ದಾಟುತ್ತದೆ. ಬಟ್ಟೆಯಲ್ಲಿ ದಪ್ಪಗೆ ಸುತ್ತಿ ಗಟ್ಟಿ ಸೂಟ್‌ಕೇಸಿನ ನಡುವೆ ಇಡಿ. ಮನೆಗೆ ಬಂದ ಮೇಲೆ ಕಡೇಪಕ್ಷ ಒಂದು ವಾರ ಅಲುಗಿಸದೆ ಬಿಡಿ.

ಹಂತ 6: ತಣ್ಣಗೆ ಮಾಡಿ, ಆದರೆ ಅತಿಯಾಗಿ ಬೇಡ

ಸಾಮಾನ್ಯ ಶಾಂಪೇನ್‌ಗೆ 8 ಡಿಗ್ರಿ ಸರಿ. ವಿಂಟೇಜ್ ಬ್ಲಾಂ ದ ಬ್ಲಾಂಗೆ 10ರಿಂದ 12. ಅದಕ್ಕಿಂತ ತಣ್ಣಗಾದರೆ ಪರಿಮಳ ಏಳುವುದೇ ಇಲ್ಲ. ಹತ್ತು ವರ್ಷ ಕಾದು ಗಳಿಸಿದ್ದೆಲ್ಲ ಗ್ಲಾಸಿನೊಳಗೇ ಮುದುಡಿಕೊಂಡಿರುತ್ತದೆ.

ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ. 20ರಿಂದ 30 ನಿಮಿಷ ಸಾಕು. ಬರೀ ಐಸ್ ಹಾಕಿದರೆ ತಡವಾಗುತ್ತದೆ, ನೀರು ಇರಲೇಬೇಕು. ಫ್ರಿಜ್ಜಿನಲ್ಲಾದರೆ ಮೂರು ನಾಲ್ಕು ಗಂಟೆ, ತೆಗೆದ ಮೇಲೆ ಹತ್ತು ನಿಮಿಷ ಹೊರಗೆ ಬಿಡಿ. ಫ್ರೀಜರ್‌ಗೆ ಮಾತ್ರ ಇಡಲೇಬೇಡಿ. ಮರೆತುಹೋದರೆ ಬಾಟಲಿ ಒಡೆಯಬಹುದು.

ಹಂತ 7: ಬಿರಡೆ ತೆಗೆಯಿರಿ

ಬಾಟಲಿಯೊಳಗೆ ಐದಾರು ವಾಯುಭಾರದಷ್ಟು ಒತ್ತಡ ಇರುತ್ತದೆ, ಕಾರಿನ ಟೈರಿಗಿಂತ ಎರಡು ಮೂರು ಪಟ್ಟು. ಹಾರಿದ ಬಿರಡೆ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಈ ಹಂತವನ್ನು ಗಮನವಿಟ್ಟು ಓದಿ.

ಮೇಲಿನ ಕಾಗದ ಬಿಡಿಸಿ. ಬಾಟಲಿಯ ಬಾಯಿ ಯಾರ ಕಡೆಗೂ, ದೀಪ ಕಿಟಕಿಗಳ ಕಡೆಗೂ ತಿರುಗಿರಬಾರದು. ಹೆಬ್ಬೆರಳನ್ನು ಬಿರಡೆಯ ಮೇಲೆ ಒತ್ತಿ ಹಿಡಿದೇ ತಂತಿಯ ಕಿವಿಯನ್ನು ತಿರುಗಿಸಿ. ಸಾಮಾನ್ಯವಾಗಿ ಆರು ಅರ್ಧ ಸುತ್ತಿಗೆ ಸಡಿಲವಾಗುತ್ತದೆ. ತಂತಿಯನ್ನು ತೆಗೆಯಬೇಕಿಲ್ಲ, ಬಿರಡೆಯ ಜೊತೆಗೇ ಇರಲಿ, ಹಿಡಿತ ಸಿಗುತ್ತದೆ. ಇಲ್ಲಿಂದ ಮುಂದೆ ಹೆಬ್ಬೆರಳು ತೆಗೆಯುವಂತಿಲ್ಲ.

ಮೇಲೆ ಬಟ್ಟೆ ಹಾಕಿ. ಬಾಟಲಿಯನ್ನು 45 ಡಿಗ್ರಿ ಓರೆ ಮಾಡಿ. ಒಂದು ಕೈಯಲ್ಲಿ ಬಿರಡೆಯನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಟಲಿಯ ತಳ ಹಿಡಿದು ತಿರುಗಿಸಿ. ತಿರುಗಬೇಕಾದದ್ದು ಬಾಟಲಿ, ಬಿರಡೆಯಲ್ಲ. ಬಿರಡೆ ತಾನಾಗಿ ಮೇಲೇಳಲು ಶುರುಮಾಡುತ್ತದೆ. ಆಗ ಅದನ್ನು ಎಳೆಯಬೇಡಿ, ಬದಲಿಗೆ ತಡೆಯಿರಿ. ಕೊನೆಗೆ ಬುಸ್ಸೆಂಬ ಸಣ್ಣ ಸದ್ದು ಬರಬೇಕು, ಅಷ್ಟೆ. ಢಮ್ ಎಂದರೆ ಗುಳ್ಳೆಯೂ ವೈನೂ ನೆಲಕ್ಕೆ ಹೋದವು ಎಂದೇ ಅರ್ಥ.

ಹಳೆಯ ಬಾಟಲಿಯ ಬಿರಡೆ ಕೆಲವೊಮ್ಮೆ ಅರ್ಧಕ್ಕೆ ಮುರಿಯುತ್ತದೆ. ಗಾಬರಿಯಾಗಿ ಸ್ಕ್ರೂ ಹಾಕಿ ಜಗ್ಗಬೇಡಿ, ಒಳಗಿನ ಒತ್ತಡ ಇನ್ನೂ ಹಾಗೇ ಇರುತ್ತದೆ. ಮೇಲೆ ಬಟ್ಟೆ ಮುಚ್ಚಿ, ಮುಖ ದೂರ ಇಟ್ಟುಕೊಂಡು, ಗೊತ್ತಿರುವವರ ಸಹಾಯ ಕೇಳಿ.

ತೆಗೆದ ಬಿರಡೆಯನ್ನು ನೋಡಿ. ತಳ ಅಗಲವಾಗಿ ಅರಳಿಕೊಂಡರೆ ಗಸಿ ತೆಗೆದು ಹೆಚ್ಚು ಕಾಲವಾಗಿಲ್ಲ. ನೆಟ್ಟಗೆ ಗೂಟದ ಹಾಗೆ ಉಳಿದರೆ ಬಹಳ ವರ್ಷವಾಗಿದೆ.

ಹಂತ 8: ಸುರಿಯಿರಿ, ಕಾಯಿರಿ, ಕುಡಿಯಿರಿ

ಉದ್ದನೆಯ ಸಣ್ಣ ಬಾಯಿಯ ಫ್ಲೂಟ್ ಗ್ಲಾಸು ನೋಡಲು ಚೆಂದ, ಆದರೆ ಈ ವೈನ್‌ಗೆ ಬೇಡ. ಪರಿಮಳ ಬಿಚ್ಚಿಕೊಳ್ಳಲು ಅದರಲ್ಲಿ ಜಾಗವಿಲ್ಲ. ತಟ್ಟೆಯಂಥ ಅಗಲ ಗ್ಲಾಸಿನಲ್ಲಿ ಎಲ್ಲವೂ ಹಾರಿಹೋಗುತ್ತದೆ. ಹೊಟ್ಟೆ ಉಬ್ಬಿ ಬಾಯಿ ಸ್ವಲ್ಪ ಕಿರಿದಾದ ವೈಟ್ ವೈನ್ ಗ್ಲಾಸೇ ಸರಿ. ಸೋಪಿನ ಅಂಶ ಉಳಿದರೆ ನೊರೆ ಸಾಯುತ್ತದೆ, ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿ.

ಗ್ಲಾಸನ್ನು ಓರೆ ಮಾಡಿ ಗೋಡೆಯ ಮೇಲೆ ಜಾರುವಂತೆ ಸುರಿಯಿರಿ. ರೀಮ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೆ ಬೆಲೇರ್ ಮತ್ತು ಸಂಗಡಿಗರು 2010ರಲ್ಲಿ ಅಳೆದು ತೋರಿಸಿದ್ದಾರೆ. ನೇರವಾಗಿ ನಡುವೆ ಸುರಿಯುವುದಕ್ಕಿಂತ ಹೀಗೆ ಸುರಿದಾಗ ವೈನಿನಲ್ಲಿ ಗಾಳಿ ಜಾಸ್ತಿ ಉಳಿಯುತ್ತದೆ. ಗ್ಲಾಸಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಒಂದು ಬಾಟಲಿ ಆರು ಜನಕ್ಕೆ ಬರುತ್ತದೆ. ಮದ್ಯದ ಪ್ರಮಾಣ ಸುಮಾರು ಶೇ 12ರಿಂದ 12.5. ಕುಡಿದವರು ಗಾಡಿ ಓಡಿಸುವುದು ಬೇಡ.

ಮೊದಲ ಗುಟುಕಿನಲ್ಲೇ ತೀರ್ಪು ಕೊಡಬೇಡಿ. ಸ್ವಲ್ಪ ಕುಡಿದು, ಗ್ಲಾಸನ್ನು ಹತ್ತು ನಿಮಿಷ ಬಿಟ್ಟು ಮತ್ತೆ ಮೂಸಿ. ಆಮೇಲೆ ಅರ್ಧ ಗಂಟೆಗೆ ಮತ್ತೊಮ್ಮೆ. ನಿಂಬೆಯ ಹಿಂದಿನಿಂದ ಬೆಣ್ಣೆ, ಬೆಣ್ಣೆಯ ಹಿಂದಿನಿಂದ ಬಾದಾಮಿ ಒಂದೊಂದಾಗಿ ಬರುತ್ತವೆ. ಇದನ್ನು ನೋಡುವುದೇ ಈ ವೈನಿನ ದೊಡ್ಡ ಸುಖ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಬಿರಡೆಯಿಂದ ವೈನ್ ಕೆಟ್ಟಿದೆ ಎಂದರ್ಥ. ಅದು ನಿಮ್ಮ ತಪ್ಪಲ್ಲ, ಅಂಗಡಿಗೆ ತಿಳಿಸಿ. ತಳದಲ್ಲಿ ಸಣ್ಣ ಹರಳು ಕಂಡರೆ ಹೆದರಬೇಡಿ, ಅದು ದ್ರಾಕ್ಷಿಯದ್ದೇ ಹುಳಿಯ ಹರಳು.

ಜೊತೆಗೆ ತಿನ್ನಲು ಉಪ್ಪು, ಎಣ್ಣೆ, ಗರಿಗರಿ ಇರುವುದು ಚೆನ್ನ. ಫ್ರಾನ್ಸಿನಲ್ಲಿ ಹಸಿ ಸಿಂಪಿ, ಕೋಂತೆ ಚೀಸ್ ಇಡುತ್ತಾರೆ. ನಮ್ಮಲ್ಲಿ ಮಸಾಲೆ ಕಡಿಮೆ ಹಾಕಿದ ಕಾಣೆ ರವಾ ಫ್ರೈ, ಗೋಳಿಬಜೆ, ತುಪ್ಪದಲ್ಲಿ ಹುರಿದ ಗೋಡಂಬಿ ಬಹಳ ಹೊಂದುತ್ತವೆ. ಖಾರ ಜೋರಾದರೆ ಗುಳ್ಳೆ ನಾಲಿಗೆಯನ್ನು ಇನ್ನಷ್ಟು ಉರಿಸುತ್ತದೆ. ಹುಟ್ಟುಹಬ್ಬದ ಕೇಕಿನ ಜೊತೆ ತೆಗೆಯುವ ಅಭ್ಯಾಸ ದಯವಿಟ್ಟು ಬಿಡಿ. ಸಿಹಿ ತಿಂದ ಬಾಯಿಗೆ ಬ್ರೂಟ್ ಬರೀ ಹುಳಿ ಅನಿಸುತ್ತದೆ. ಕೇಕ್ ಕತ್ತರಿಸುವ ಮುಂಚೆಯೇ ಬಾಟಲಿ ಮುಗಿಯಲಿ.

ಹಂತ 9: ಮಿಕ್ಕಿದರೆ

ಬಾಟಲಿಯ ಬಾಯಿಗೆ ಚಮಚ ಸಿಕ್ಕಿಸಿಟ್ಟರೆ ಗುಳ್ಳೆ ಉಳಿಯುತ್ತದೆ ಎಂಬ ಮಾತಿದೆ. ಅದು ಸುಳ್ಳು. ಕ್ಲಿಪ್ ಮುಚ್ಚಳ ಹಾಕಿ, ನಿಲ್ಲಿಸಿಯೇ ಫ್ರಿಜ್ಜಿನಲ್ಲಿಡಿ. ಎರಡು ದಿನದೊಳಗೆ ಮುಗಿಸಿ. ಎಳೆಯ, ಬಿಗಿಯಾದ ಬಾಟಲಿಯಾದರೆ ಎರಡನೆಯ ದಿನ ಗುಳ್ಳೆ ಕಡಿಮೆಯಾದರೂ ಪರಿಮಳ ಇನ್ನೂ ಚೆನ್ನಾಗಿ ತೆರೆದುಕೊಂಡಿರುತ್ತದೆ. ಹಾಗಾಗಿ ಒಂದು ಗ್ಲಾಸಿನಷ್ಟನ್ನು ಬೇಕೆಂದೇ ಮರುದಿನಕ್ಕೆ ಎತ್ತಿಡಿ. ತೀರಾ ಹಳೆಯ ಬಾಟಲಿಯನ್ನು ಮಾತ್ರ ಹಾಗೆ ಇಡಬೇಡಿ, ತೆಗೆದ ರಾತ್ರಿಯೇ ಮುಗಿಸಿ.